ಎರಡು ಪೌಂಡಿನ ಕಲ್ಲು

ನಾನು ನಿಂತಿದ್ದದ್ದು ಕಾಫಿ ಒಣಗಿಸುವ ಕಣದ ಬಲ ಅಂಚಿನಲ್ಲಿ, ನೀರಿನ ತೊಟ್ಟಿಗೆ ಬೆನ್ನು ಮಾಡಿಕೊಂಡು. ನನಗೂ ಗೌಡರ ಬಲಗೈಗೂ ನಡುವೆ ನಾಲ್ಕು ಹೆಜ್ಜೆ; ಆಮೇಲೆ ನಡೆದು ಅಳೆದಿದ್ದೇನೆ. ಅವತ್ತು ವಿಜಯದಶಮಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅಂಕ ಬರೆಯುವ ಪುಸ್ತಕದಲ್ಲಿ ಆ ವೇಳೆಯನ್ನು ಬರೆದು ಪೆನ್ಸಿಲ್ ಎತ್ತಿದ್ದೆ, ಅಷ್ಟರಲ್ಲಿ ಗುಂಡು ಹಾರಿತು. ಈಗ ನಡೆಯುತ್ತಿರುವ ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಅಲ್ಲಿ ಇಲ್ಲದವರೂ ಇದ್ದೆವೆಂದು ಹೇಳಿಕೊಂಡು ತಿರುಗಿದರು.

ನಾನಾಗ ಅತ್ತಿಗುಂಡಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ತೋಟದ ಒಡೆಯರು ನಮ್ಮವರೇ, ಎಲ್ಲರೂ ಗೌಡರು ಎನ್ನುತ್ತಿದ್ದರು. ಪಕ್ಕದ ತೋಟ ಒಬ್ಬ ಇಂಗ್ಲಿಷ್ ದೊರೆಯದು. ಇಬ್ಬರಿಗೂ ಗುರಿ ಹೊಡೆಯುವ ಪಿಸ್ತೂಲಿನ ಹುಚ್ಚು. ವರ್ಷಕ್ಕೊಮ್ಮೆ ದಸರೆ ಮುಗಿಯುವ ಹೊತ್ತಿಗೆ, ಹಣ್ಣು ಕೊಯ್ಲು ಶುರುವಾಗುವ ಮೊದಲು, ನಮ್ಮ ಕಣದಲ್ಲೇ ಪಂದ್ಯ. ಇಪ್ಪತ್ತು ಗಜ ದೂರದ ಮಣ್ಣಿನ ದಿಣ್ಣೆಗೆ ಕಾಗದದ ಗುರಿ ಅಂಟಿಸಿ, ಒಬ್ಬೊಬ್ಬರಿಗೆ ಮೂವತ್ತು ಗುಂಡು. ಅಂಕ ಬರೆಯುವವನು ನಾನು.

ಎರಡು ಪಿಸ್ತೂಲೂ ಒಂದೊಂದೇ ತೋಟಾ ತುಂಬುವಂಥವು, ನಳಿಗೆಯನ್ನು ಮುಂದಕ್ಕೆ ಬಗ್ಗಿಸಿ ತೆರೆದು ಹಾಕುವುದು. ಗೌಡರದು ಅಮೆರಿಕದ್ದು, ನಳಿಗೆ ಉದ್ದ, ಮೈ ಹಗುರ, ಕೈಯಲ್ಲಿ ಹಿಡಿದರೆ ಮೂತಿ ಮೇಲೆ ಏಳುತ್ತಿತ್ತು. ದೊರೆಯದು ಇಂಗ್ಲೆಂಡಿನದು, ಭಾರ, ಮೋಟು, ಆದರೆ ಚಾಚಿದ ಕೈಯಲ್ಲಿ ಅಲುಗದೆ ಕೂರುತ್ತಿತ್ತು. ಮಳೆಗಾಲದಲ್ಲಿ ಗೌಡರದರ ಮರದ ಹಿಡಿ ನೀರು ಕುಡಿದು ಊದಿ, ತಿರುಪು ಬಿಗಿದುಕೊಳ್ಳುತ್ತಿತ್ತು. ಅದಕ್ಕೇ ಅದು ಆಷಾಢದಿಂದ ಒಲೆಯ ಮೇಲಿನ ಅಟ್ಟದಲ್ಲಿರುತ್ತಿತ್ತು. ದೊರೆಯದಕ್ಕೆ ಆ ತೊಂದರೆ ಇರಲಿಲ್ಲ, ತುಕ್ಕು ಮಾತ್ರ ಹಿಡಿಯುತ್ತಿತ್ತು.

ನಿಜವಾದ ವ್ಯತ್ಯಾಸ ಇದ್ದದ್ದು ಟ್ರಿಗರಿನಲ್ಲಿ. ಗೌಡರು ಒಮ್ಮೆ ಎರಡನ್ನೂ ನನ್ನ ಕೈಗೆ ಕೊಟ್ಟು ಖಾಲಿ ಎಳೆಸಿದ್ದರು.

"ನೋಡಿ ರೈಟ್ರೇ, ದೊರೆದು ಹಣ್ಣು ಬಿಡ್ಸಿದ ಹಾಗೆ. ಬೆರಳು ತಾಗಿದ್ರೆ ಕಳಚ್ಕೊಳ್ಳುತ್ತೆ. ನಂದು ಹಸಿ ಕಾಯಿ ಕಿತ್ತ ಹಾಗೆ. ಎಳೆದ್ರೆ ಕೊಂಬೇನೇ ಬರುತ್ತೆ."

ಆ ವರ್ಷ ಮಳೆ ಹಿಡಿಯುವ ಮೊದಲು ಮದ್ರಾಸಿನ ಅಂಗಡಿಯಿಂದ ದೊರೆಗೆ ಒಂದು ಕ್ಯಾಟಲಾಗ್ ಬಂತು. ಬರುವ ವರ್ಷದ ಹೊಸ ಮಾದರಿಯ ಗೆರೆಚಿತ್ರ ಒಂದು ಪುಟ ತುಂಬ ಇತ್ತು. ವಿವರ ಕಡಿಮೆ, ಚಿತ್ರ ದೊಡ್ಡದು. ಹಿಡಿ ಹೆಚ್ಚು ಓರೆ, ಹೆಬ್ಬೆರಳಿಗೆ ಒಂದು ಮೆಟ್ಟಿಲು, ನಳಿಗೆಯ ಮೂತಿ ದಪ್ಪ, ಟ್ರಿಗರ್ "ಹಿಂದೆಂದಿಗಿಂತ ಹಗುರ". ಮಳೆಗಾಲ ಇಡೀ ಇಬ್ಬರೂ ಆ ಪುಟದ ಮೇಲೆ ಬಗ್ಗಿದ್ದೇ ಬಗ್ಗಿದ್ದು. ಮೂತಿ ದಪ್ಪ ಮಾಡಿದ್ದಾರೋ, ಒಳಗೆ ಸೀಸ ಇಟ್ಟಿದ್ದಾರೋ? ಟ್ರಿಗರ್ ಹಗುರವಾಗಿದ್ದು ಸ್ಪ್ರಿಂಗಿನಿಂದಲೋ, ಕಚ್ಚನ್ನು ಕಿರಿದು ಮಾಡಿದ್ದರಿಂದಲೋ? ಕಚ್ಚು ಅಂದರೆ, ಮೇಲೆತ್ತಿದ ಕುದುರೆಯನ್ನು ಟ್ರಿಗರಿನ ತುದಿ ಹಿಡಿದು ನಿಲ್ಲಿಸುವ ಸಣ್ಣ ಮೆಟ್ಟಿಲು; ತೋಟಾ ಹೊಡೆಯುವ ಸುತ್ತಿಗೆಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಕಚ್ಚೇ ಕಿರಿದಾಗಿದೆ ಎಂದು ಗೌಡರ ವಾದ.

ದೊರೆ ಹೊಸದಕ್ಕೆ ಆರ್ಡರ್ ಕೊಟ್ಟರು. ಹಡಗಿನಲ್ಲಿ ಬರುವಾಗ ಜನವರಿ.

"ಗೌಡ್ರೇ, ಹೊಸದು ಬಂದ್ಮೇಲೆ ನಿಮ್ದು ಪಿಸ್ತೂಲ್ ಅಲ್ಲ, ದನ ಕಟ್ಟೋ ಗೂಟ," ಎಂದು ದೊರೆ ತಮ್ಮ ತೋಟದ ಕನ್ನಡದಲ್ಲಿ ನಕ್ಕರು.

ಗೌಡರೂ ನಕ್ಕರು. ಆದರೆ ಮರುದಿನ ಪಲ್ಪರ್ ಮನೆಗೆ ಪಿಸ್ತೂಲನ್ನೂ ಕ್ಯಾಟಲಾಗಿನ ಪುಟವನ್ನೂ ಕಳಿಸಿದರು.

ಪಲ್ಪರ್ ಮನೆ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆ. ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಸಂಸೆಯ ಕಡೆಯವನು, ನನ್ನ ವಯಸ್ಸಿನವನೇ. ಯಂತ್ರದ ತಾಮ್ರದ ತಗಡಿನ ಒಂದೊಂದು ಹಲ್ಲನ್ನೂ ಕೈಯಲ್ಲೇ ಎಬ್ಬಿಸಬಲ್ಲವನು. ಅವನು ಬೀಟೆ ಮರದಲ್ಲಿ ಓರೆ ಹಿಡಿ ಕೆತ್ತಿದ, ಹೆಬ್ಬೆರಳಿಗೆ ಮೆಟ್ಟಿಲು ಮಾಡಿದ, ಮೂತಿಗೆ ಸೀಸದ ಪಟ್ಟಿ ಸುತ್ತಿದ. ಕಚ್ಚಿಗೆ ಮಾತ್ರ ಕೈ ಹಚ್ಚಲು ತಿಂಗಳು ಹಿಂದೆಮುಂದೆ ನೋಡಿದ.

"ಚಿತ್ರದಲ್ಲಿ ಒಳಗಿಂದು ಕಾಣಲ್ವಲ್ಲ ಮಾರಾಯ," ಎಂದು ನನ್ನ ಹತ್ತಿರ ಹೇಳಿದ. "ಊಹೆ ಮೇಲೆ ಅರ ಹಾಕ್ಬೇಕು. ಉಜ್ಜಿ ತೆಗೆದಿದ್ದನ್ನ ವಾಪಸ್ ಹಚ್ಚಕ್ಕಾಗುತ್ತಾ?"

ಗೌಡರು ಬಿಡಲಿಲ್ಲ. ಪಂದ್ಯದ ನಿಯಮವೊಂದಿತ್ತು: ಕುದುರೆ ಎತ್ತಿ, ಮೂತಿ ಮೇಲೆ ಮಾಡಿ, ಟ್ರಿಗರಿಗೆ ಎರಡು ಪೌಂಡಿನ ಕಲ್ಲು ತೂಗಬಿಟ್ಟರೂ ಕುದುರೆ ಬೀಳದೆ ನಿಲ್ಲಬೇಕು. ಬಿದ್ದರೆ ಆ ಪಿಸ್ತೂಲಿಗೆ ಪಂದ್ಯವಿಲ್ಲ. ಮೇಸ್ತ್ರಿ ಆ ನಿಯಮವನ್ನೇ ನಂಬಿ ಉಜ್ಜಿದ. ಕೆಲಸ ಮುಗಿದದ್ದು ನವರಾತ್ರಿಯ ಎಂಟನೆಯ ದಿನ, ಮುಸ್ಸಂಜೆ. ಪಿಸ್ತೂಲನ್ನು ಗೌಡರ ಮನೆಯ ಜಗಲಿಗೆ ತಂದ.

"ನಾಳೆ ಹತ್ತು ತೋಟಾ ಹೊಡೆದು ನೋಡ್ಬೇಕು ಒಡೇರೇ. ಹೊಡೀದೆ ಕೈಗೆ ಕೊಡಲ್ಲ."

ಒಳಗಿನಿಂದ ಗೌಡರ ತಾಯಿ ಕೇಳಿಸಿಕೊಂಡರು. "ನಾಳೆ ಆಯುಧಪೂಜೆ ಕಣಾ. ಕತ್ತಿ ಕೊಡಲಿನೂ ಎತ್ತೋ ಹಾಗಿಲ್ಲ, ನೀನು ಕೋವಿ ಹೊಡೀತೀಯಾ?"

ಅದಕ್ಕೆ ಯಾರೂ ಎದುರಾಡಲಿಲ್ಲ. ನಮ್ಮಲ್ಲಿ ಆ ದಿನ ಆಯುಧಕ್ಕೆ ವಿಶ್ರಾಂತಿ. ಪೂಜೆಗಿಟ್ಟದ್ದನ್ನು ಎತ್ತುವುದು ದಶಮಿಯ ಬೆಳಿಗ್ಗೆಯೇ. ಪಂದ್ಯವೂ ದಶಮಿಯ ದಿನವೇ. ಹೀಗೆ ಹೊಡೆದು ನೋಡುವ ದಿನ ಇಲ್ಲವಾಯಿತು.

ಪೂಜೆಯ ತಯಾರಿ ರೈಟರನ ಕೆಲಸ. ನವಮಿಯ ಬೆಳಿಗ್ಗೆ ಕಸಿಗತ್ತಿ, ಗುದ್ದಲಿ, ತಕ್ಕಡಿ, ಎರಡು ಕೋವಿ, ಆ ಪಿಸ್ತೂಲು, ಎಲ್ಲವನ್ನೂ ನಾನೇ ಒರೆಸಿ, ಎಣ್ಣೆ ಸವರಿ, ಸಾಲಾಗಿ ಜೋಡಿಸಿದೆ. ಗಂಧ, ಕುಂಕುಮ, ಸೇವಂತಿಗೆ ಇಟ್ಟೆ. ಗುಂಡು ಹಾರಿದ ದಿನ ನನಗೆ ನೆನಪಿದ್ದದ್ದು ಇಷ್ಟೇ.

ದಶಮಿಯ ಬೆಳಿಗ್ಗೆ ಏಳು ಗಂಟೆಗೆ, ಜಗಲಿಯ ನೆರಳಿನಲ್ಲಿ, ಕಲ್ಲು ತೂಗಿದವನೂ ನಾನೇ. ಮಂಜು ಇನ್ನೂ ಬಿಟ್ಟಿರಲಿಲ್ಲ, ಬಾಯಿಂದ ಹೊಗೆ ಬರುತ್ತಿತ್ತು. ದೊರೆಯದು ನಿಂತಿತು. ಗೌಡರದೂ ನಿಂತಿತು. ಟ್ರಿಗರಿನ ಬುಡದಲ್ಲಿ ಒಂದು ಬಿಳಿ ಗೆರೆ ಕಂಡಿತು. ಗಂಧ ಇರಬೇಕೆಂದುಕೊಂಡು ಒರೆಸಲಿಲ್ಲ. ಮೇಸ್ತ್ರಿ ಮೂರು ಸಲ ತೂಗಿಸಿದ. ಮೂರು ಸಲವೂ ನಿಂತಿತು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪುಸ್ತಕದಲ್ಲಿ "ನಿಂತಿತು" ಎಂದು ಬರೆದೆ. ಆಮೇಲೆ ತಿಂಡಿ, ಬನ್ನಿ ಹಂಚುವುದು, ಮಾತು. ಪಿಸ್ತೂಲು ತೆರೆದ ಪೆಟ್ಟಿಗೆಯಲ್ಲಿ ಕಣದ ಕಟ್ಟೆಯ ಮೇಲೆ, ಬಿಸಿಲಲ್ಲಿ ಇತ್ತು.

ಹೊಡೆಯುವ ಸರದಿ ಮೊದಲು ಗೌಡರದು. ತೋಟಾ ಹಾಕಿದರು, ನಳಿಗೆ ಮುಚ್ಚಿದರು, ಕುದುರೆ ಎತ್ತಿದರು. ಎಡಕ್ಕೆ ಮೂರು ಹೆಜ್ಜೆ ದೂರದಲ್ಲಿ ದೊರೆ ನಿಂತು, "ಹೊಸ ಹಿಡಿ ಹ್ಯಾಗೆ ಗೌಡ್ರೇ? ಗೂಟ ಹೋಯ್ತಾ?" ಎಂದರು. ಗೌಡರು ನಗುತ್ತ ಅವರ ಕಡೆ ತಿರುಗಿದರು. ಕೈಯೂ ಅವರ ಜೊತೆ ತಿರುಗಿತು. ಗುಂಡು ಹಾರಿತು.

ಶಬ್ದ ದೊಡ್ಡದಲ್ಲ, ಒಣ ಕಡ್ಡಿ ಮುರಿದಷ್ಟು. ದೊರೆ ಎಡಗೈಯ ಮೊಣಕೈ ಮೇಲೆ ಬಲಗೈ ಇಟ್ಟುಕೊಂಡು, ಯಾರೋ ಹೆಸರು ಹಿಡಿದು ಕರೆದರೇನೋ ಎನ್ನುವ ಹಾಗೆ ನೋಡಿದರು. ಬಿಳಿ ಅಂಗಿ ಕೆಂಪಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಣದ ಬಿರುಕಿನ ಹುಲ್ಲು ಕೀಳುತ್ತಿದ್ದ ಆಳು ಹೆಂಗಸೊಬ್ಬಳು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿದ್ದಳು. ಅವಳೇ ಮೊದಲು ಕೂಗಿದ್ದು.

ಗುಂಡು ಮಾಂಸದಲ್ಲಿ ಹೊಕ್ಕು ಹೊರಬಂದಿತ್ತು, ಎಲುಬಿಗೆ ತಾಗಿರಲಿಲ್ಲ. ಚಿಕ್ಕಮಗಳೂರಿನಿಂದ ಮಧ್ಯಾಹ್ನ ಡಾಕ್ಟರು ಬಂದರು, ಹಿಂದೆಯೇ ಪೊಲೀಸ್ ಇನ್ಸ್‌ಪೆಕ್ಟರು. ಪೆಟ್ಟಾದವರು ದೊರೆ. ಏನೂ ಆಗಿಲ್ಲ ಎನ್ನುವ ಹಾಗಿರಲಿಲ್ಲ.

ಇನ್ಸ್‌ಪೆಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಬೆರಳು ಎಲ್ಲಿತ್ತು? ಗೌಡರ ಬೆರಳು ಟ್ರಿಗರಿನ ಮೇಲಿದ್ದರೆ ತಪ್ಪು ಗೌಡರದು. ಇಲ್ಲದಿದ್ದರೆ ಪಿಸ್ತೂಲಿನದು, ಎಂದರೆ ಅದಕ್ಕೆ ಅರ ಹಾಕಿದವನದು.

ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಂಡದ್ದನ್ನು ಹೇಳಿದೆ. ಬೆರಳು ಹೊರಗಿತ್ತು, ಪಿಸ್ತೂಲಿನ ಬಲಮೈಗೆ ಒತ್ತಿ ನೆಟ್ಟಗಿತ್ತು. ಹುಲ್ಲು ಕೀಳುವವಳೂ ಅದನ್ನೇ ಹೇಳಿದಳು. ಅಲ್ಲಿಗೆ ಮೇಸ್ತ್ರಿಯನ್ನು ಪಲ್ಪರ್ ಮನೆಯಲ್ಲಿ ಕೂಡಿ ಬಾಗಿಲಿಗೆ ಪೇದೆಯನ್ನು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮಗಳೂರಿಗೆ ಕರೆದೊಯ್ಯುವುದೆಂದಾಯಿತು. ಇನ್ಸ್‌ಪೆಕ್ಟರು ದೊರೆಯ ಬಂಗಲೆಯಲ್ಲಿ ಉಳಿದರು.

ಸಂಜೆ ಊಟ ಕೊಡಲು ಹೋದಾಗ ಮೇಸ್ತ್ರಿ ಕಿಟಕಿಯ ಸರಳು ಹಿಡಿದು ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀ ಸುಳ್ಳು ಹೇಳ್ಬೇಕಿತ್ತು ಅನ್ನಲ್ಲ ಮಾರಾಯ. ಜಾಸ್ತಿ ಉಜ್ಜಿದ್ದೆ ಅಂತನೇ ಇಟ್ಕೊ. ಉಜ್ಜಿದ್ರೆ ಕಲ್ಲಿಗೆ ಕುದುರೆ ಬೀಳ್ಬೇಕಿತ್ತಲ್ಲ? ಮೂರು ಸಲ ತೂಗ್ಸಿದೆ. ಯಾಕೆ ಬೀಳ್ಲಿಲ್ಲ?"

ಎಲೆಯಲ್ಲಿ ಕಟ್ಟಿದ ಊಟವನ್ನು ಸರಳಿನ ನಡುವಿನಿಂದ ಒಳಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಶೀಸೆ ತೆಗೆದು ಬಗ್ಗಿಸಿದೆ. ಬರಲಿಲ್ಲ. ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅತ್ತಿಗುಂಡಿಯ ಬೆಳಗಿನಲ್ಲಿ ಅದೇನು ಹೊಸದಲ್ಲ. ಎಲ್ಲರೂ ಶೀಸೆಯನ್ನು ಒಲೆ ಹತ್ತಿರ ಇಟ್ಟು ಕರಗಿಸಿಕೊಳ್ಳುತ್ತಾರೆ. ನವಮಿಯ ದಿನ ನಾನೂ ಹಾಗೇ ಕರಗಿಸಿಕೊಂಡು ಆಯುಧಗಳಿಗೆಲ್ಲ ಸವರಿದ್ದೆ. ಇದೇ ಶೀಸೆಯಿಂದ. ಟ್ರಿಗರಿನ ಬುಡದ ಆ ಬಿಳಿ ಗೆರೆ ಗಂಧವಲ್ಲ.

ಶೀಸೆ ಹಿಡಿದುಕೊಂಡೇ ಗೌಡರ ಹತ್ತಿರ ಓಡಿದೆ. ಚಳಿಗೆ ಹೆಪ್ಪಾದ ಎಣ್ಣೆಯೇ ಟ್ರಿಗರನ್ನು ಹಿಡಿದಿತ್ತು, ಬಿಸಿಲಿಗೆ ಕರಗಿ ಬಿಟ್ಟುಕೊಟ್ಟಿತು ಎಂದೆ.

"ಇದನ್ನ ಹೇಳಿದ್ರೆ ಅವನ ಬದಲು ನಿಮ್ಮನ್ನ ಕರ್ಕೊಂಡು ಹೋಗ್ತಾರೆ ರೈಟ್ರೇ. ಗೊತ್ತಲ್ಲ?"

"ಗೊತ್ತು."

"ಹಾಗಾದ್ರೆ ಬೇಗ ನಡೀರಿ. ಬಿಸ್ಲು ಬಂದ್ರೆ ತೋರ್ಸಕ್ಕಾಗಲ್ಲ." ಗೌಡರು ಕಂಬಳಿಯನ್ನೂ ಹೊದೆಯದೆ ನನಗಿಂತ ಮುಂದೆ ಇಳಿದರು.

ದೊರೆಯ ಬಂಗಲೆಗೆ ಅರ್ಧ ಮೈಲಿ. ಮೂಡಣ ಗುಡ್ಡದ ಮೇಲೆ ಬೆಳಕು ಹಳದಿಯಾಗುತ್ತಿತ್ತು. ನಾನು ಶೀಸೆಯನ್ನು ಮೈಗೆ ತಾಗದಂತೆ ದೂರ ಹಿಡಿದು ಓಡಿದೆ, ಇನ್ನೊಂದು ಕೈಯಲ್ಲಿ ಎರಡು ಪೌಂಡಿನ ಕಲ್ಲು.

ಇನ್ಸ್‌ಪೆಕ್ಟರು ನಂಬಲಿಲ್ಲ. "ತಲೆಗೆ ಹಚ್ಚೋ ಎಣ್ಣೆ ಕುದುರೆ ನಿಲ್ಲಿಸ್ತದೇನ್ರೀ? ಮೇಸ್ತ್ರಿ ಕಲಿಸಿಕೊಟ್ನಾ?" ಎಂದರು. ಕೈಗೆ ಕಟ್ಟು ಹಾಕಿಕೊಂಡು ಒಳಗೆ ಮಲಗಿದ್ದ ದೊರೆ ಎದ್ದು ಬಂದರು. ಮುಖ ಬಿಳಿಚಿತ್ತು. ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಬಗ್ಗಿಸಿ ನೋಡಿ, "ಪಿಸ್ತೂಲ್ ತನ್ನಿ" ಎಂದರು.

ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಿಸ್ತೂಲು ಬಂತು. ತೋಟಾ ಇಲ್ಲವೆಂದು ಮೂವರೂ ನೋಡಿದರು. ಮೊದಲು ಹಾಗೆಯೇ ಕುದುರೆ ಎತ್ತಿ ಕಲ್ಲು ತೂಗಿದೆ. ನಿಂತಿತು! ನಿನ್ನೆ ಕರಗಿದ ಎಣ್ಣೆ ರಾತ್ರಿಯ ಚಳಿಗೆ ಮತ್ತೆ ಹೆಪ್ಪಾಗಿ ಅದೇ ಸಂದಿನಲ್ಲಿ ಕೂತಿತ್ತು. ಶೀಸೆಯೇ ಬೇಕಾಗಿರಲಿಲ್ಲ. ದೊರೆ ಪಿಸ್ತೂಲನ್ನು ಇಸಿದುಕೊಂಡು ಕಾಫಿಯ ಕೆಟಲಿನ ಪಕ್ಕಕ್ಕೆ ಒರಗಿಸಿಟ್ಟರು. ಟ್ರಿಗರಿನ ಬುಡದ ಬಿಳಿ ಗೆರೆ ಮೊದಲು ಮಸುಕಾಯಿತು, ಆಮೇಲೆ ಹೊಳೆಯಿತು, ಆಮೇಲೆ ಕಾಣಲಿಲ್ಲ.

ಕುದುರೆ ಎತ್ತಿದೆ. ಕಲ್ಲನ್ನು ಕೊಕ್ಕೆಗೆ ಸಿಕ್ಕಿಸುವುದರೊಳಗೆ, ನನ್ನ ಕೈ ಅಲುಗಿದ್ದಕ್ಕೇ, ಕುದುರೆ ಟಕ್ಕೆಂದು ಬಿತ್ತು. ಇನ್ನೆರಡು ಸಲ ಮಾಡಿಸಿದರು. ಎರಡು ಸಲವೂ ಬಿತ್ತು.

"ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದು ಇನ್ಸ್‌ಪೆಕ್ಟರು ನನ್ನನ್ನು ಕೇಳಿದರು.

"ನಿನ್ನೆ ಗೊತ್ತಿರಲಿಲ್ಲ. ಎಣ್ಣೆ ಸವರಿದವನು ನಾನು. ಕಲ್ಲು ತೂಗಿದವನೂ ನಾನು. ಬರ್ಕೊಳ್ಳಿ."

"ಉಜ್ಜು ಅಂದೋನು ನಾನು," ಎಂದರು ಗೌಡರು. "ಮೂತಿ ತಿರುಗ್ಸಿದೋನೂ ನಾನೇ. ಅದನ್ನೂ ಬರ್ಕೊಳ್ಳಿ."

ದೊರೆ ಕುರ್ಚಿಯಲ್ಲಿ ಕುಳಿತರು. "ಮೇಸ್ತ್ರಿ ಹೊಡೆದು ನೋಡ್ಬೇಕು ಅಂದ. ಯಾರೂ ಬಿಡ್ಲಿಲ್ಲ. ಕೈ ನಂದು. ನಂದು ಕಂಪ್ಲೇಂಟ್ ಇಲ್ಲ," ಎಂದರು. ಇನ್ಸ್‌ಪೆಕ್ಟರು ಅದನ್ನೇ ಬರೆದು ದೊರೆಯ ಸಹಿ ಹಾಕಿಸಿಕೊಂಡರು. ಪಲ್ಪರ್ ಮನೆಯ ಬಾಗಿಲು ತೆರೆದಾಗ ಇನ್ನೂ ಒಂಬತ್ತಾಗಿರಲಿಲ್ಲ. ಮೇಸ್ತ್ರಿ ಎಲ್ಲವನ್ನೂ ಕೇಳಿ, "ಎಣ್ಣೆಯಾ?" ಎಂದ. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ.

ಹೊಸ ಮಾದರಿ ಜನವರಿಯ ಕೊನೆಗೆ ಬಂತು. ದೊರೆ ಅದನ್ನು ಪೆಟ್ಟಿಗೆ ಸಮೇತ ಪಲ್ಪರ್ ಮನೆಗೇ ತಂದು ಮೇಸ್ತ್ರಿಯ ಕೈಯಿಂದಲೇ ಬಿಚ್ಚಿಸಿದರು. ಹಿಡಿಯ ಓರೆ ನಮ್ಮ ಊಹೆಯಂತೆಯೇ ಇತ್ತು. ಮೂತಿಯಲ್ಲಿ ಸೀಸವಿರಲಿಲ್ಲ, ಉಕ್ಕೇ ದಪ್ಪ. ಮೇಸ್ತ್ರಿ ಕಚ್ಚಿನ ಮೇಲೆ ಬೆರಳಿನ ಉಗುರು ಆಡಿಸಿ ನೋಡಿದ. ಅದು ಹಳೆಯದರಷ್ಟೇ ಆಳವಿತ್ತು. ಟ್ರಿಗರಿನ ತಿರುಗಣಿಯ ಜಾಗವನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿ ಹಗುರ ಮಾಡಿದ್ದರು.

"ಕಚ್ಚು ಮುಟ್ಟೇ ಇಲ್ಲ," ಎಂದು ಹೇಳಿ ತಿರುಪನ್ನು ಮೊದಲಿನಂತೆ ಬಿಗಿದು, ದೊರೆಯ ಬಲಗೈಗೆ ಕೊಟ್ಟ. ಆಮೇಲೆ ಅವನು ಯಾರ ಕೋವಿಯನ್ನೂ ಮುಟ್ಟಲಿಲ್ಲ. ನಮ್ಮ ಕಣದಲ್ಲಿ ಪಂದ್ಯವೂ ನಡೆಯಲಿಲ್ಲ.

ಯುದ್ಧ ಶುರುವಾದಾಗ ದೊರೆ ಸೈನ್ಯಕ್ಕೆ ಹೋದರು. ಆಮೇಲೆ ಸುದ್ದಿ ಇಲ್ಲ. ಗೌಡರು ಹೋದ ವರ್ಷ ತೀರಿಕೊಂಡರು. ಮೇಸ್ತ್ರಿ ಇದ್ದಾನೆ, ಸಂಸೆಯಲ್ಲಿ ಅಣ್ಣನ ಗದ್ದೆ ನೋಡಿಕೊಂಡು. ಆದರೆ ಗುಂಡು ಹಾರಿದಾಗ ಅವನು ಪಲ್ಪರ್ ಮನೆಯ ಒಳಗಿದ್ದ, ಕಂಡದ್ದಿಲ್ಲ. ಬೆರಳು ಎಲ್ಲಿತ್ತೆಂದು ಕಣ್ಣಾರೆ ಕಂಡವರಲ್ಲಿ ಈಗ ಇಲ್ಲಿ ಉಳಿದಿರುವುದು ನಾನು, ಮತ್ತೆ ನನ್ನ ಪಕ್ಕದಲ್ಲಿ ಕೂತು ಹುಲ್ಲು ಕೀಳುತ್ತಿದ್ದವಳು. ಅವಳೀಗ ಮಲ್ಲಂದೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿದೆ.