ತಾರಿನ ಮೇಲಿನ ಹುಲಿ-ಕುರಿ ಆಟ

ಇಂಥ ಮಾತುಗಳನ್ನು ನಾನು ನಂಬುತ್ತಿದ್ದವಳಲ್ಲ. ಸತ್ತ ಗಂಡ ಹಾಡುಹಗಲೇ ಬಂದು ಊಟಕ್ಕೆ ಉಪ್ಪಿನಕಾಯಿ ಕೇಳಿದ ಎಂದು ನಮ್ಮ ದೊಡ್ಡವ್ವ ಕಣ್ಣೊರೆಸಿಕೊಂಡಾಗ, ಬದುಕಿದ್ದಾಗ ಕೇಳಿದ್ದರೆ ನೀನು ಬಡಿಸುತ್ತಿದ್ದೆಯಾ ಎಂದು ನಕ್ಕವಳು ನಾನು. ಆದ್ದರಿಂದ ಮುಂದೆ ಬರೆಯುವುದನ್ನು ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನನಗೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಮೊನ್ನೆ ನೀವಿಬ್ಬರೂ ಫೋನಿನಲ್ಲಿ ಯಾರೋ ಕಾಣದವರ ಜೊತೆ ಆಡುತ್ತಾ, "ಅಜ್ಜಿ, ನಿಮ್ಮ ಕಾಲದಾಗ ಹಿಂಗ ಬ್ಯಾರೆ ಬ್ಯಾರೆ ಊರಾಗ ಕೂತು ಆಡ್ತಿದ್ರಾ?" ಎಂದು ಚೇಷ್ಟೆ ಮಾಡಿದಿರಿ. ನಾನು ಎದ್ದು ಒಳಗೆ ಹೋದೆ. ಆಡುತ್ತಿದ್ದರು. ನಿಮ್ಮ ಅಜ್ಜನೇ ಆಡುತ್ತಿದ್ದರು.

ನಿಮ್ಮ ಅಜ್ಜ ಆದೋನಿಯಿಂದ ಹೊಳೆಯ ಕಡೆಗೆ ಹೋಗುವ ರೈಲುದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ತಾರ್ ಬಾಬು, ಅಂದರೆ ತಂತಿ ಸಂದೇಶ ಕಳಿಸುವ ಗುಮಾಸ್ತ, ಆಗಿದ್ದರು. ಎಪ್ಪತ್ತರ ದಶಕದ ಮಾತು. ಮೇಜಿನ ಮೇಲೆ ಒಂದು ಹಿತ್ತಾಳೆಯ ಕೀ. ಅದನ್ನು ಬೆರಳಿನಿಂದ ಒತ್ತಿದರೆ ದಾರಿಯುದ್ದಕ್ಕೂ ಇರುವ ಎಲ್ಲ ಸ್ಟೇಷನ್ನುಗಳ ಯಂತ್ರವೂ ಟಕ್ಕ ಟಕ್ ಎಂದು ಒಟ್ಟಿಗೆ ಬಡಿಯುತ್ತಿತ್ತು. ಆ ಬಡಿತದಲ್ಲೇ ಅಕ್ಷರ, ಅಂಕಿ ಎಲ್ಲ. ಮಾತಾಡುವವರು ಮೊದಲು ತಮ್ಮ ಸ್ಟೇಷನ್ನಿನ ಎರಡಕ್ಷರದ ಗುರುತು ಹೊಡೆಯಬೇಕು. ಆಗಲೇ ಎಲ್ಲಿಂದ ಬಂತು ಎಂದು ಉಳಿದವರಿಗೆ ತಿಳಿಯುವುದು.

ಮಧ್ಯಾಹ್ನ ಗಾಡಿಗಳಿಲ್ಲದ ಹೊತ್ತಿನಲ್ಲಿ ಮೂವರು ಬಾಬುಗಳು ಆ ತಾರಿನ ಮೇಲೆ ಹುಲಿ-ಕುರಿ ಆಟ ಆಡುತ್ತಿದ್ದರು. ಪಕ್ಕದ ಬಂಡೆ ಸ್ಟೇಷನ್ನಿನ ವೆಂಕೋಬರಾಯರು, ಅದರಾಚೆ ಹುಣಸೆಮರದ ಸ್ಟೇಷನ್ನಿನ ಬಾಷಾಸಾಬರು, ಮತ್ತು ನಿಮ್ಮ ಅಜ್ಜ. ಸ್ಟೇಷನ್ನುಗಳ ನಿಜವಾದ ಹೆಸರು ಬೇಡ. ನಮ್ಮ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಬರೆಯುತ್ತಿದ್ದೇನೆ. ಮೂರು ಕಡೆಯೂ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಒಂದೇ ಥರದ ಆಟದ ಮನೆ, ಗೆರೆಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರು. ಮೂರು ಹುಲಿ ಬಾಷಾಸಾಬರವು. ಹದಿನೈದು ಕುರಿಗಳಲ್ಲಿ ಏಳು ವೆಂಕೋಬರಾಯರವು, ಎಂಟು ನಿಮ್ಮ ಅಜ್ಜನವು. ಯಾವ ನಂಬರಿನಿಂದ ಯಾವ ನಂಬರಿಗೆ ಎಂದು ಹೊಡೆದರೆ ಉಳಿದಿಬ್ಬರೂ ತಮ್ಮ ತಮ್ಮ ನೆಲದ ಮೇಲೆ ಕಾಯಿ ಸರಿಸುತ್ತಿದ್ದರು. ಒಂದೊಂದು ಆಟ ನಾಲ್ಕೈದು ದಿನ ನಡೆಯುತ್ತಿತ್ತು.

ಅದಕ್ಕೆ ಅವರದೇ ಕಟ್ಟಳೆಗಳಿದ್ದವು. ತನ್ನ ಕುರಿಯನ್ನು ತಾನೇ ನಡೆಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಯಾವ ಸ್ಟೇಷನ್ನಿನ ಯಂತ್ರದಿಂದಾದರೂ ಆಡಬಹುದು; ಬದಲಿ ಕೆಲಸಕ್ಕೆ ಬೇರೆ ಕಡೆ ಹೋದಾಗ ಅಲ್ಲಿಂದಲೇ ಆಡುತ್ತಿದ್ದರು. ಆಡುವವರು ಯಾರೆಂಬುದು ಕೈಯಿಂದ ಗೊತ್ತಾಗುತ್ತಿತ್ತು, ಬರವಣಿಗೆಯ ಹಾಗೆ ತಾರಿನಲ್ಲೂ ಒಬ್ಬೊಬ್ಬರ ಕೈ ಬೇರೆ. ನಿಮ್ಮ ಅಜ್ಜನ ಕೈ ಬಲು ನಿಧಾನ. "ಬಂತಪಾ ಎತ್ತಿನ ಬಂಡಿ, ದಾರಿ ಬಿಡ್ರಿ" ಎಂದು ವೆಂಕೋಬರಾಯರು ತಾರಿನಲ್ಲೇ ಹಂಗಿಸುತ್ತಿದ್ದರು. ಇನ್ನೊಂದು ಕಟ್ಟಳೆ: ಆಟ ಬಿಟ್ಟು ಹೋಗುವವನು 'ಎದ್ದೆ' ಎಂಬ ಗುರುತನ್ನು ತನ್ನ ಕೈಯಿಂದಲೇ ಕೊಡಬೇಕು. ಕೊಡುವವರೆಗೂ ಅವನು ಕೂತಿದ್ದಾನೆ ಎಂದೇ ಲೆಕ್ಕ. ಅವನ ಕುರಿಗಳು ಮನೆಯ ಮೇಲೆಯೇ ಇರಬೇಕು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನಮ್ಮ ಅಡಿಗೆಮನೆಗೂ ತಾರಿನ ಕೋಣೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದು ಗವಾಕ್ಷಿ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನನಗೆ ಇಂಗ್ಲಿಷ್ ಅಕ್ಷರಮಾಲೆಯಷ್ಟೇ ಬರುತ್ತಿತ್ತು. ನಿಮ್ಮ ಅಜ್ಜ ತಾರಿನಲ್ಲಿ ಬಂದ ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಂಡೇ ಬರೆದುಕೊಳ್ಳುತ್ತಿದ್ದರು. ರೊಟ್ಟಿ ತಟ್ಟುತ್ತಾ ಕೇಳಿ ಕೇಳಿ ಎರಡು ವರ್ಷದಲ್ಲಿ ಆ ಬಡಿತ ನನಗೆ ತಾನಾಗಿ ತಿಳಿಯತೊಡಗಿತು. ಯಾರಿಗೂ ಹೇಳಲಿಲ್ಲ, ನಿಮ್ಮ ಅಜ್ಜನಿಗೂ. ಹೆಂಗಸಿಗೆ ಇದೇಕೆ ಎಂದಾರು ಎಂಬ ನಾಚಿಕೆ. ಒಲೆಯ ಪಕ್ಕದ ನೆಲದಲ್ಲಿ ನಾನೂ ಒಂದು ಮನೆ ಬರೆದುಕೊಂಡಿದ್ದೆ. ಹುಲಿಗೆ ಬೆಣಚುಕಲ್ಲು, ವೆಂಕೋಬರಾಯರ ಕುರಿಗೆ ಹತ್ತಿಕಾಳು, ನಿಮ್ಮ ಅಜ್ಜನ ಕುರಿಗೆ ಹುಣಸೆಬೀಜ. ಯಾರಾದರೂ ಬಂದರೆ ಮೊರ ಬೋರಲು ಹಾಕಿ ಮುಚ್ಚುತ್ತಿದ್ದೆ.

ಆ ಬೇಸಿಗೆಯಲ್ಲಿ ದೂರದ ಹೊಳೆ ಸ್ಟೇಷನ್ನಿನ ಬಾಬು ರಜೆ ಹಾಕಿದ್ದರಿಂದ ನಿಮ್ಮ ಅಜ್ಜನನ್ನು ಎಂಟು ದಿನಕ್ಕೆ ಅಲ್ಲಿಗೆ ಕಳಿಸಿದರು. ಇಲ್ಲಿಯ ತಾರನ್ನು ನಮ್ಮ ಸ್ಟೇಷನ್ ಮಾಸ್ತರರೇ ನೋಡಿಕೊಂಡರು. ಅವರು ಆಟಕ್ಕೆ ಬೀಳದ ಬಿಗಿ ಮನುಷ್ಯ. ನಿಮ್ಮ ತಾಯಿ ಆಗ ಎರಡು ವರ್ಷದ ಕೂಸು. ಹೊರಡುವ ಹಿಂದಿನ ವಾರದಿಂದ ನಿಮ್ಮ ಅಜ್ಜನಿಗೆ ಎದೆ ಹಿಡಿದಂತಾಗುತ್ತಿತ್ತು. ಆದೋನಿಗೆ ಹೋಗಿ ಡಾಕ್ಟರಿಗೆ ತೋರಿಸಿ ಎಂದರೆ, "ವಾಯು ಐತಿ ಬಿಡು. ಬಂದ ಮ್ಯಾಲ ತೋರಿಸೋಣು" ಎಂದರು. ಆ ಎಂಟು ದಿನ ನಾನು ಗೋಡೆಗೆ ಕಿವಿ ಕೊಟ್ಟೇ ಬದುಕಿದೆ. ಅವರ ಕೈ ಕೇಳಿಸಿದರೆ ಚೆನ್ನಾಗಿದ್ದಾರೆ ಎಂದು ಅರ್ಥ.

ಐದನೆಯ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಅವರು ಹೊಳೆ ಸ್ಟೇಷನ್ನಿನಿಂದ ಒಂದು ನಡೆ ಆಡಿದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಂದೂವರೆಯ ಸುಮಾರಿಗೆ ಮತ್ತೆ ಅವರ ಕೈ ಬಂತು. ಅದೇ ನಿಧಾನ. ಗುರುತು ಹೊಳೆ ಸ್ಟೇಷನ್ನಿನದೇ. ಒಂದು ಕುರಿಯನ್ನು ಒಂದು ಹೆಜ್ಜೆ ಮುಂದೆ ನಡೆಸಿದರು. ನಾನು ಹುಣಸೆಬೀಜ ಸರಿಸಿ ನಿಟ್ಟುಸಿರು ಬಿಟ್ಟೆ. ಬಾಷಾಸಾಬರು ಹುಲಿ ನಡೆಸಿದರು, ವೆಂಕೋಬರಾಯರು ಕುರಿ ನಡೆಸಿದರು. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಅಜ್ಜನ ಕೈ ಮತ್ತೆ ಬಂತು. ಆದರೆ ಈ ಸಲ ಹುಣಸೆಮರದ ಸ್ಟೇಷನ್ನಿನ ಗುರುತಿನಿಂದ. ಅದೇ ಕುರಿ, ಇನ್ನೊಂದು ಹೆಜ್ಜೆ ಮುಂದೆ.

ನನಗೆ ಭಯವೇನೂ ಆಗಲಿಲ್ಲ. ಹಿಂದೆಯೂ ಒಮ್ಮೆ ಅವರು ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಕೂತು ಮನೆಗೆ ಬರುವಾಗ, ಗಾಡಿ ನಿಂತ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಒಂದೊಂದು ನಡೆ ಆಡುತ್ತಾ ಬಂದಿದ್ದರು. ಮೈ ಸರಿಯಿಲ್ಲವೆಂದು ಮೊದಲೇ ಬರುತ್ತಿದ್ದಾರೆ ಎಂದುಕೊಂಡೆ. ಒಲೆ ಹಚ್ಚಿ ಅಕ್ಕಿ ತೊಳೆದಿಟ್ಟೆ. ಅರ್ಧ ಗಂಟೆಯ ಮೇಲೆ ಬಂಡೆ ಸ್ಟೇಷನ್ನಿನ ಗುರುತಿನಿಂದ ಅವರ ಕೈ ಬಂದಾಗ, "ನಿಮ್ಮಪ್ಪ ಬಂದ್ರು ನೋಡು" ಎಂದು ಕೂಸಿನ ಮುಖ ತೊಳೆದು ಹಣೆಗೆ ಕುಂಕುಮ ಇಟ್ಟೆ. ಇವತ್ತಿಗೂ ಆ ತಣ್ಣೀರಿನ ಹಸಿ ನನ್ನ ಅಂಗೈಯಲ್ಲಿದೆ.

ಅನ್ನ ಇನ್ನೂ ಕುದಿಯುತ್ತಿತ್ತು. ಗೋಡೆಯಾಚೆ ಯಂತ್ರ ಮತ್ತೆ ಬಡಿಯಿತು. ಅವರ ಕೈ. ಗುರುತು ನಮ್ಮ ಸ್ಟೇಷನ್ನಿನದು.

ಬಂದೇಬಿಟ್ಟರು ಎಂದು ಸೆರಗು ಹೊದ್ದು ಹಿತ್ತಲ ಸುತ್ತಿ ಓಡಿದೆ. ದಾರಿಯಲ್ಲಿ ಕಂಬಿಯ ಮೇಲೆ ಕಣ್ಣು ಹೋಯಿತು. ಯಾವ ಗಾಡಿಯೂ ನಿಂತಿರಲಿಲ್ಲ. ಮಾಸ್ತರರು ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಬರಲಿರುವ ಗಾಡಿಗಾಗಿ ಹಸಿರು ಬಾವುಟ ಬಗಲಲ್ಲಿಟ್ಟುಕೊಂಡು ನನಗೆ ಬೆನ್ನು ಮಾಡಿ ನಿಂತಿದ್ದರು. ತಾರಿನ ಕೋಣೆಯ ಬಾಗಿಲು ತೆರೆದಿತ್ತು. ಕುರ್ಚಿ ಖಾಲಿ. ಕೀಯ ಮೇಲೆ ಯಾರ ಬೆರಳೂ ಇಲ್ಲ. ಯಂತ್ರ ಮಾತ್ರ ಬಡಿಯುತ್ತಿತ್ತು. ಈ ಸಲ ನಂಬರುಗಳಲ್ಲ. ಆಟದವರು ಒಬ್ಬರನ್ನೊಬ್ಬರು ಕೇಳುವ ಗುರುತು ಅದು: ಯಾರು ಕೂತಿದ್ದೀರಿ?

ಕೇಳಿಸಿಕೊಂಡವರು ತಮ್ಮ ಹೆಸರಿನ ಮೊದಲ ಅಕ್ಷರ ಹೊಡೆಯಬೇಕು, ಅಷ್ಟೇ. ಬಂಡೆ ಸ್ಟೇಷನ್ನೂ ಉತ್ತರ ಕೊಡಲಿಲ್ಲ, ಹುಣಸೆಮರದ ಸ್ಟೇಷನ್ನೂ ಕೊಡಲಿಲ್ಲ. ಮತ್ತೆ ಬಂತು: ಯಾರು ಕೂತಿದ್ದೀರಿ? ನಾನು ಮೇಜಿನ ಹತ್ತಿರ ಹೋದೆ. ಕೈ ಚಾಚಿದರೆ ಕೀ ಸಿಗುತ್ತಿತ್ತು. ಮಾಸ್ತರರು ನೋಡಿದರೆ ಏನೆಂದಾರು, ಇವರ ನೌಕರಿಗೆ ಕುತ್ತು ಬಂದರೆ, ಹೆಂಡತಿ ಗೋಡೆಗೆ ಕಿವಿಯಿಟ್ಟವಳು ಎಂದು ದಾರಿಯುದ್ದಕ್ಕೂ ನಕ್ಕರೆ - ಇಷ್ಟೇ ತಲೆಯಲ್ಲಿ. ಮೂರನೆಯ ಸಲ ಬಂತು, ಇನ್ನೂ ನಿಧಾನವಾಗಿ, ನಡುನಡುವೆ ತಡೆದು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಯಂತ್ರ ಸುಮ್ಮನಾಯಿತು.

"ಏನವ್ವಾ, ಇಲ್ಲಿಗ್ಯಾಕ ಬಂದಿ?" ಮಾಸ್ತರರು ಬಾಗಿಲಲ್ಲಿದ್ದರು.

"ಇವರು ಬಂದ್ರೇನೋ ಅಂತ ನೋಡಾಕ ಬಂದೆನ್ರಿ."

"ನಿನ್ನ ಗಂಡ ಹೊಳೀ ಸ್ಟೇಷನ್ನಿನಾಗ ಅದಾನಲ್ಲ! ಹಾರ್ಕೊಂಡು ಬರ್ತಾನೇನು? ಇನ್ನ ಮೂರು ದಿನ ತಡಿ" ಎಂದು ನಕ್ಕರು. ಅಷ್ಟರಲ್ಲಿ ಗೋಡೆಯ ಟೆಲಿಫೋನು ಗಣಗಣಿಸಿತು. ಕೇಳುತ್ತಾ ಕೇಳುತ್ತಾ ಅವರು ತಲೆಯ ಮೇಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ನಿಮ್ಮ ಅಜ್ಜ ಹನ್ನೆರಡರ ಪ್ಯಾಸೆಂಜರ್ ಬರುವ ಮೊದಲೇ ತೀರಿಕೊಂಡಿದ್ದರು. ನೀರು ಕೊಡಲು ಬಂದ ಪೋರ್ಟರು, ಬಾಬು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ ಎಂದುಕೊಂಡನಂತೆ. ಹಳ್ಳಿಯಿಂದ ಡಾಕ್ಟರನ್ನು ಕರೆತಂದು, ಖಾತ್ರಿ ಮಾಡಿಕೊಂಡು, ನಮಗೆ ತಿಳಿಸುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ಆ ಹೊತ್ತೆಲ್ಲ ಅಲ್ಲಿಯ ಕೋಣೆ ತುಂಬ ಜನ. ಕೀಯನ್ನು ಯಾರೂ ಮುಟ್ಟಿರಲಿಲ್ಲ.

ತಿಂಗಳಾದ ಮೇಲೆ ಮನೆ ಖಾಲಿ ಮಾಡುವ ದಿನ ವೆಂಕೋಬರಾಯರೂ ಬಾಷಾಸಾಬರೂ ಬಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಪಡಸಾಲೆಯಲ್ಲಿ ಕೂತವರು ಇದ್ದಕ್ಕಿದ್ದಂತೆ ಜಗಳಕ್ಕೆ ಬಿದ್ದರು.

"ಖರೇ ಹೇಳೋ ವೆಂಕೋಬಾ, ಅಂವನ ಕೈ ಹಂಗ ಹೊಡೆಯಾಕ ನಿನಗೊಬ್ಬನಿಗೆ ಬರ್ತಿತ್ತು. ಆಡೋದು ನೀನ ಅಂತ ನಾ ಸುಮ್ಮನಾದೆ."

"ರಾಯರ ಆಣೆ, ನಾನಲ್ಲ. ನಿನ್ನ ಸ್ಟೇಷನ್ನಿನ ಗುರುತು ಬಂತಲ್ಲೋ ಸಾಬಾ, ಅವಾಗ ನೀ ಎಲ್ಲಿದ್ದಿ?"

"ಮಷೀನಿನ ಮುಂದನ ಕೂತಿದ್ದೆ! ಕೈಯಾಗ ಚಾ ಕಪ್ಪಿತ್ತು. ಅಲ್ಲಾನ ಕಸಂ, ನನ್ನ ಕೀ ಅಲುಗಿಲ್ಲ."

"ಮತ್ತ 'ಯಾರು ಕೂತಿದ್ದೀರಿ' ಅಂತ ಕೇಳಿದಾಗ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

ಆಮೇಲೆ ವೆಂಕೋಬರಾಯರು ಬಾಗಿಲ ಕಡೆ ನೋಡದೆ ನೆಲ ನೋಡುತ್ತಾ ಹೇಳಿದರು: "ವೈನಿ, ಒಂದು ಮಾತು. ಅಂವನ ಎಂಟು ಕುರಿ ಮನೀ ಮ್ಯಾಲ ಹಂಗ ನಿಂತಾವ. ಅಳಸಾಕ ನಮಗ ಕೈ ಬರವಲ್ದು. ನೀವು ಬಂದು ಅಂವನ ಪರವಾಗಿ 'ಎದ್ದೆ' ಅಂತ ಹೊಡದುಬಿಡ್ರಿ."

"ನನಗೇನು ಬರತೈತ್ರಿ ಅದೆಲ್ಲಾ" ಎಂದೆ.

"ನಿಮಗ ಬರತೈತಿ ಅಂತ ಅಂವ ಎಂದೋ ಹೇಳ್ಯಾನ. ನಾ ಎತ್ತಿನ ಬಂಡಿ ಅಂತ ಹಂಗಿಸಿದಾಗ ಒಂದಿನ ಹೇಳಿದ: ಗ್ವಾಡೀ ಆಚಿ ನಮ್ಮಾಕಿ ನಿಂತು ಕೇಳ್ತಾಳೋ, ಜೋರು ಹೊಡದ್ರ ಆಕೀಗೆ ತಿಳಿಯಂಗಿಲ್ಲ ಅಂತ."

ಐದು ವರ್ಷ ಅವರೊಡನೆ ಬಾಳಿದ್ದೆ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ ಆ ಮನುಷ್ಯ. ನಾನೂ ಹೇಳಲಿಲ್ಲ.

ನಾವು ಮೂವರೂ ತಾರಿನ ಕೋಣೆಗೆ ಹೋದಾಗ ಮಾಸ್ತರರು ತಾವಾಗಿಯೇ ಹೊರಗೆ ಹೋಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತರು. ನಾನು ಮೊದಲ ಸಲ ಆ ಕುರ್ಚಿಯಲ್ಲಿ ಕೂತೆ. ಬಾಬುಗಳಿಬ್ಬರೂ ಬಾಗಿಲ ಹೊರಗೆ ಕಾದರು. 'ಎದ್ದೆ' ಎಂಬುದಕ್ಕೆ ನಾಲ್ಕೇ ಬಡಿತ. ಬೆರಳು ಕೀಯ ಮೇಲಿಟ್ಟೆ, ಆಗಲಿಲ್ಲ. ಆಟದಿಂದ ಅವರನ್ನು ಎಬ್ಬಿಸುವವಳು ನಾನಾಗಲಾರೆ ಎನಿಸಿತು. ಅದರ ಬದಲು ನನ್ನ ಹೆಸರಿನ ಮೊದಲ ಅಕ್ಷರ ಹೊಡೆದೆ. ಕಾದೆ. ಮತ್ತೊಮ್ಮೆ ಹೊಡೆದೆ. ಯಂತ್ರ ತಾನಾಗಿ ಬಡಿಯಲಿಲ್ಲ. ಆಮೇಲೆ ಯಾವುದೋ ಸ್ಟೇಷನ್ನಿನವರು ಗೂಡ್ಸ್ ಗಾಡಿಯ ಡಬ್ಬಿಗಳ ನಂಬರು ಹೊಡೆಯತೊಡಗಿದರು. ನಾನು ಎದ್ದು ಬಂದೆ.

ವೆಂಕೋಬರಾಯರು ಸುಳ್ಳು ಆಣೆ ಇಡುವವರಲ್ಲ. ಬಾಷಾಸಾಬರಿಗೆ ಆ ಕೈ ಬರುತ್ತಿರಲಿಲ್ಲ. ತಂತಿಯಲ್ಲಿ ಏನಾದರೂ ದೋಷವಿದ್ದೀತು ಎಂದು ತಿಳಿದವರೊಬ್ಬರು ಹೇಳಿದರು; ದೋಷ ಕುರಿ ನಡೆಸುತ್ತದೆಯೇ ಎಂದು ನಾನು ಕೇಳಿದೆ. ಏನೋ, ನನಗೆ ತಿಳಿಯದು. ನನಗೆ ತಿಳಿದದ್ದು ಇಷ್ಟೇ. ಆ ಮಧ್ಯಾಹ್ನ ಯಾರೋ ಮೂರು ಸಲ ಕೇಳಿದರು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಉತ್ತರ ಕೊಟ್ಟದ್ದು ಒಂದು ತಿಂಗಳು ತಡವಾಗಿ.