ಸಾಹೇಬರು ಒತ್ತದೆ ಇಟ್ಟ ಕಲ್ಲು

ಗಂಡ ತೀರಿಕೊಂಡ ಮೇಲೆ ಮುಳಗುಂದ ಬಿಟ್ಟು ಗದಗಿಗೆ ಬಂದ ನನಗೆ ಕೆಲಸ ಕೊಟ್ಟವರು ಒಬ್ಬ ಯಹೂದಿ ಸಾಹೇಬರು. ಹಿಟ್ಲರನ ಕಾಲಕ್ಕೆ ದೇಶ ಬಿಟ್ಟು ಬಂದು ಇಲ್ಲಿ ಕಲ್ಲಚ್ಚಿನ ಛಾಪಖಾನೆ ಹಾಕಿದ್ದರು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಾಗದ ಒತ್ತಿ, ಬೆಟಗೇರಿ ಸೀರೆಗಳಿಗೆ ಚೀಟಿ ತೆಗೆಯುತ್ತಿದ್ದರು. ಕನ್ನಡ ಓದಲು ಬಾರದ ಅವರು ಕಾಗದದ ಮೇಲೆ ನೆಟ್ಟಗೆ ಬೀಳಲೆಂದು ಕನ್ನಡ ಅಕ್ಷರಗಳನ್ನು ಕಲ್ಲಿನ ಮೇಲೆ ತಿರುವುಮುರುವಾಗಿ ಬರೆಯುವುದನ್ನು ನೋಡಿದರೆ ನಮ್ಮ ಮಾಸ್ತರರೂ ನಾಚಬೇಕು. ನಾನು ಆ ಚೀಟಿ ಕತ್ತರಿಸಿ ಕಟ್ಟು ಕಟ್ಟುತ್ತಿದ್ದೆ.

ಮೂಲೆಯಲ್ಲಿ ಗೋಣಿತಟ್ಟು ಹೊದಿಸಿದ ಒಂದು ಕಲ್ಲಿತ್ತು. ಬಂದ ವರ್ಷವೇ, ನೆನಪು ಹಸಿಯಿದ್ದಾಗ, ಹೆಂಡತಿ ಮತ್ತು ಮಗಳ ಮುಖ ಅದರ ಮೇಲೆ ಬರೆದಿಟ್ಟಿದ್ದರು. ಬಿಟ್ಟು ಬಂದ ದೇಶದಲ್ಲಿಯೇ ಉಳಿದವರು ಅವರು. ಪತ್ರವಿಲ್ಲ, ಫೋಟೋ ಇಲ್ಲ. ಒಮ್ಮೆಯಾದರೂ ಅಚ್ಚು ತೆಗೆಯಬಾರದೇ ಎಂದು ಕೇಳಿದರೆ, ಸತ್ತವರ ಪಟವನ್ನಲ್ಲವೇ ನೀವು ಗೋಡೆಗೆ ಹಾಕುವುದು, ಅವರು ಬದುಕಿದ್ದಾರೆಂದು ಸುದ್ದಿ ಬಂದ ದಿನ ಒತ್ತುತ್ತೇನೆ ಎಂದರು. ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು.

ಏಕೀಕರಣದ ವರ್ಷ ಖಂಡೇಪೂಜೆ ಶನಿವಾರ ಬಂತು. ಶನಿವಾರ ಅವರ ಧರ್ಮದಲ್ಲಿ ಕೆಲಸ ಮುಟ್ಟದ ದಿನ, ಅವರು ಛಾಪಖಾನೆಗೆ ಕಾಲಿಡುತ್ತಿರಲಿಲ್ಲ. ಯಂತ್ರ, ಕತ್ತರಿ ಎಲ್ಲಕ್ಕೂ ಕುಂಕುಮ ಏರಿತು. ಆ ತಾಯಿ-ಮಗಳಷ್ಟೇ ಧೂಳಿನಲ್ಲಿರುವುದನ್ನು ನನಗೆ ಸಹಿಸಲಾಗಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹಿತ್ತಾಳೆ ಕೊಡ ತಿಕ್ಕಿದಂತೆ ನಿಂಬೆಹಣ್ಣು, ಇಟ್ಟಂಗಿ ಪುಡಿ ಹಾಕಿ ಕಲ್ಲು ಬೆಳಗಿದೆ. ಚಿತ್ರ ಕಾಣದಾಯಿತು. ಹೆದರಲಿಲ್ಲ. ಕೆಲಸಗಾರರು ಎಣ್ಣೆ ಹಾಕಿ ಒರೆಸಿದಾಗ ಮಾಯವಾದ ಚಿತ್ರ ಮತ್ತೆ ಮಸಿ ಉರುಳಿಸಿದೊಡನೆ ಎದ್ದು ಬರುವುದನ್ನು ಎಷ್ಟೋ ಸಲ ನೋಡಿದ್ದೆ. ವಿಭೂತಿ ಬಳಿದು, ಹೂವೇರಿಸಿ ಕೈಮುಗಿದೆ.

ಮರುದಿನ ಬನ್ನಿ ಕೊಡಲು ಹೋದಾಗ ಸಾಹೇಬರು ಹೂವು ತೆಗೆಯುತ್ತಿದ್ದರು. ನಾನೇ ತೊಳೆದೆ ಎಂದು ಹೇಳಿದೆ. ಅವರು ನೀರೊರೆಸಿ, ಮಸಿ ಉರುಳಿಸಿ, ಮೊದಲ ಸಲ ಅದರ ಮೇಲೆ ಕಾಗದ ಇಟ್ಟು ಒತ್ತಿದರು. ಬೂದು ಕಲೆಗಳಷ್ಟೇ ಬಂದವು; ನಿಂಬೆಯ ಹುಳಿ ಕಲ್ಲು ಹೀರಿದ್ದ ಜಿಡ್ಡನ್ನೂ ತಿಂದಿತ್ತು. ಇನ್ನೊಂದು ಕಾಗದ ಇಟ್ಟರು. ಅದೂ ಹಾಗೆಯೇ.

“ಕಡೀಕ ನೋಡಿದವರು ನೀವು, ಅಕ್ಕಾರ,” ಅಂದರು. “ನನ್ನ ಮಗಳ ಮುಖ ಹ್ಯಾಂಗಿತ್ತು? ನನಗ ನೆನಪಾಗವಲ್ದು.”

ತಿಕ್ಕುವಾಗ ನಾನು ನೋಡಿದ್ದು ಮುಖವನ್ನಲ್ಲ, ಧೂಳನ್ನಷ್ಟೇ.

ಮುಂದಿನ ವಾರ ಹೊಸ ರಾಜ್ಯದ ನಕಾಶೆ ಒತ್ತುವ ಕೆಲಸ ಬಂತು. ಅಷ್ಟು ದೊಡ್ಡ ಕಲ್ಲು ಬೇರೆ ಇರಲಿಲ್ಲ. ಸಾಹೇಬರು ತಾವೇ ಆ ಮುಖಗಳ ಕಲ್ಲನ್ನು ಮರಳು ಹಾಕಿ ಅರೆದು ನುಣುಪು ಮಾಡಿ, ನಕಾಶೆ ಬರೆದರು.