ನೆಟ್ಟಗೆ ನಡೆದವರ ಬೆನ್ನು ಬಿಡದ ಬೆಟ್ಟಮ್ಮ

ಬೆಳಗಿನ ಆರೂಕಾಲು. ಉದಯಗಿರಿಯ ಗಲ್ಲಿಯೊಂದರ ತುದಿಯಲ್ಲಿ ಮೂರು ಚಕ್ರದ ಸ್ಕೂಟರ್ ನಿಲ್ಲಿಸಿಕೊಂಡು ಬೆಟ್ಟಮ್ಮ ಹಾರನ್ ಹೊಡೆಯುತ್ತಿದ್ದಾರೆ. ಇಂಜಿನ್ ಆರಿಸುವಷ್ಟೂ ತಾಳ್ಮೆ ಇಲ್ಲ. ಏಳರೊಳಗೆ ಹಿಡಿಯದಿದ್ದರೆ ಮರಿಸ್ವಾಮಿ ಎಲ್ಲಾದರೂ ವಾಚ್‌ಮನ್ ಕೆಲಸ ಕೇಳಿಕೊಂಡು ಹೊರಟುಬಿಡುತ್ತಾರೆ. ನಿನ್ನೆ, ಮೊನ್ನೆ ಹಾಗೇ ಆಗಿದೆ. ಅವರ ಮೇಲ್ಮನವಿಗೆ ಇವತ್ತೇ ಕಡೇ ದಿನ.

ಅಶೋಕಪುರಂನ ಬೆಟ್ಟಮ್ಮನಿಗೆ ಈಗ ನಲವತ್ತೆರಡು. ಮಗುವಾಗಿದ್ದಾಗ ಬಂದ ಪೋಲಿಯೊಗೆ ಎಡಗಾಲು ಸೊರಗಿಹೋಗಿದೆ. ಗೌರವಧನದ ಮೇಲೆ ದುಡಿಯುವ ಪುನರ್ವಸತಿ ಕಾರ್ಯಕರ್ತೆ. ವೈದ್ಯರು ಅಂಗವೈಕಲ್ಯ ಅಳೆದು ಇಷ್ಟು ಶೇಕಡಾ ಎಂದು ಬರೆದುಕೊಟ್ಟ ಮೇಲೆ ಜನ ಕಾಗದ ಹಿಡಿದು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾರಲ್ಲ, ಅಲ್ಲಿಂದ ಇವರ ಕೆಲಸ ಶುರು. ನಲವತ್ತು ಮುಟ್ಟಿದರೆ ಮಾಸಾಶನಕ್ಕೆ ಅರ್ಜಿ. ಮುಟ್ಟದಿದ್ದರೆ, ಕಮ್ಮಿಯಾಯಿತು ಅನಿಸಿದರೆ, ತೊಂಬತ್ತು ದಿನದೊಳಗೆ ಮೇಲ್ಮನವಿ. ದಿನಕ್ಕೆ ಎಂಟು ಹತ್ತು ಮಂದಿ, ಮೂವತ್ತು ಕಿಲೋಮೀಟರ್ ಓಡಾಟ. ಕೂರಿಸಿ ಮಾತಾಡಿಸೋಣವೆಂದರೆ ನಮ್ಮ ಕೈಗೂ ಸಿಗುವುದಿಲ್ಲ; ಆಟೋ ಹಿಡಿದು ಹಿಂದೆ ಹಿಂದೆ ಹೋಗಬೇಕು.

ಮರಿಸ್ವಾಮಿಗೆ ಬಂದಿರುವುದು ಮೂವತ್ತಾರು ಶೇಕಡಾ. ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದವರು, ಊರುಗೋಲಿಲ್ಲದೆ ಬಚ್ಚಲಿಗೂ ಹೋಗಲಾರರು. ಆದರೆ ತಪಾಸಣೆಯ ದಿನ ಊರುಗೋಲನ್ನು ಬಾಗಿಲ ಹೊರಗೆ ಹೆಂಡತಿ ಕೈಗೆ ಕೊಟ್ಟು, ಹಲ್ಲು ಕಚ್ಚಿ, ಡಾಕ್ಟರ ಮುಂದೆ ಒಂಬತ್ತು ಹೆಜ್ಜೆ ನೆಟ್ಟಗೆ ನಡೆದಿದ್ದಾರೆ. ನೋವಿದೆಯಾ ಎಂದರೆ ಇಲ್ಲ ಅಂದಿದ್ದಾರೆ. ಕಂಡಿದ್ದನ್ನು ಡಾಕ್ಟರು ಬರೆದಿದ್ದಾರೆ.

"ನಮ್ಮೋರು ತಪಾಸಣೆಗೆ ಹೋಗೋದು ಹೆಣ್ಣು ನೋಡಕ್ಕೆ ಹೋದಂಗೆ ಕಣ್ರೀ," ಎನ್ನುತ್ತಾರೆ ಬೆಟ್ಟಮ್ಮ. "ಇಸ್ತ್ರಿ ಷರಟು, ತಲೆಗೆ ಎಣ್ಣೆ, ನೆಟ್ಟಗೆ ನಡಿಗೆ. ಆಮೇಲೆ ಪರ್ಸೆಂಟ್ ಕಮ್ಮಿ ಬಂತು ಅಂತ ಅಳ್ತಾರೆ." ಹತ್ತು ಜನರಲ್ಲಿ ನಾಲ್ವರು ಹೀಗೇ ಅಂತೆ.

ಮರಿಸ್ವಾಮಿ ಹೊಸಿಲಲ್ಲಿ ಗೋಡೆ ಹಿಡಿದು ನಿಂತಿದ್ದಾರೆ. ಸರಸ್ವತಿಪುರಂನಲ್ಲಿ ನಾಲ್ಕು ಮನೆ ಪಾತ್ರೆ ತಿಕ್ಕಿ ಸಂಸಾರ ತೂಗಿಸುತ್ತಿರುವ ಹೆಂಡತಿ ಒಳಗಿನಿಂದಲೇ ಕಿವಿಗೊಟ್ಟಿದ್ದಾರೆ.

"ಕುಂಟ ಅಂತ ಬರೆಸ್ಕೊಳಕ್ಕೆ ಎರಡೆರಡು ಸಲ ಹೋಗ್ಬೇಕಾ ಬೆಟ್ಟಮ್ಮೋರೆ? ಬುಡಿ, ಹಣೇಲಿದ್ದಂಗೆ ಆಗ್ಲಿ," ಎನ್ನುತ್ತಾರೆ ಮರಿಸ್ವಾಮಿ.

ಬೆಟ್ಟಮ್ಮ ಆಗ ಸ್ಕೂಟರ್ ಆರಿಸುತ್ತಾರೆ. ಗಾಡಿಯಿಂದ ಇಳಿದು, ತೊಡೆಯ ಮೇಲೆ ಕೈ ಊರಿಕೊಂಡು ಒಂದೊಂದೇ ಹೆಜ್ಜೆ ಎತ್ತಿಟ್ಟು ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ.

"ಹತ್ತೊಂಬತ್ತು ವರ್ಷ ನಂಗೆ ಆಗ. ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಬಿಚ್ಚಿಟ್ಟು, ನೆಲ ಮುಟ್ಟೋ ಲಂಗ ಉಟ್ಕೊಂಡು ತಪಾಸಣೆಗೆ ಹೋಗಿದ್ದೆ ಮರಿಸ್ವಾಮಣ್ಣ. ಸ್ವಲ್ಪ ಉಳುಕಿದೆ ಅಷ್ಟೇ ಸಾರ್ ಅಂದೆ. ಮೂರು ವರ್ಷದ ಮಾಸಾಶನ ಕಳ್ಕೊಂಡೆ. ಆ ಡಾಕ್ಟ್ರು ನನ್ನ ನೋಡಕ್ಕೆ ಬಂದ ಗಂಡಾ?"

ಹೆಂಡತಿ ಊರುಗೋಲು ತಂದು ಮುಂದೆ ಹಿಡಿಯುತ್ತಾರೆ. ಗಲ್ಲಿಯ ಆ ತುದಿ ಈ ತುದಿ ಒಮ್ಮೆ ನೋಡಿಕೊಂಡು ಮರಿಸ್ವಾಮಿ ಅದನ್ನು ತೆಗೆದುಕೊಳ್ಳುತ್ತಾರೆ.

ಆಮೇಲೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೇಲ್ಮನವಿ ಕೊಡುವ ಕಚೇರಿಗೆ ಬಂದು, ಬಾಗಿಲು ತೆರೆಯುವ ತನಕ ಬೆಟ್ಟಮ್ಮ ವರಾಂಡದಲ್ಲಿ ಗಡಿಯಾರ ನೋಡುತ್ತಾ, ಕಾಗದಗಳನ್ನು ಮೂರು ಸಲ ಜೋಡಿಸುತ್ತಾರೆ. ಹಳೇ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿಗಳು, ಅವತ್ತು ಊರುಗೋಲಿಲ್ಲದೆ ನಡೆದದ್ದು ಯಾಕೆಂದು ಬರೆದ ಅರ್ಜಿ. ಹನ್ನೊಂದೂವರೆಗೆ ಸ್ವೀಕೃತಿಯ ಸೀಲು ಬೀಳುತ್ತದೆ. ಮರುತಪಾಸಣೆಗೆ ಕರೆ ಬರುತ್ತದೆ, ಕಾಯಿರಿ ಎನ್ನುತ್ತಾರೆ ಗುಮಾಸ್ತರು. ಎಷ್ಟು ಶೇಕಡಾ ಸಿಗುವುದೋ ಯಾರಿಗೂ ಗೊತ್ತಿಲ್ಲ.

ಹೊರಗೆ ಬಂದ ಮರಿಸ್ವಾಮಿ ಮೆಲ್ಲಗೆ, ಮರುತಪಾಸಣೆಯ ದಿನ ಯಾವ ಷರಟು ಹಾಕಿಕೊಂಡು ಹೋಗಲಿ ಎಂದು ಕೇಳುತ್ತಾರೆ.

"ಮೈಮೇಲೆ ಇರೋದ್ರಲ್ಲೇ ಹೋಗಿ," ಎನ್ನುತ್ತಾ ಬೆಟ್ಟಮ್ಮ ಮುಂದಿನ ಮನೆಯವರಿಗೆ ಫೋನ್ ಹಚ್ಚುತ್ತಾರೆ. ಅವರು ಎತ್ತುವುದಿಲ್ಲ. ಆ ಸಂದಿನಲ್ಲೇ ನಿಮ್ಮ ಆಸೆ ಏನು ಎಂದು ನಾವು ಕೇಳುತ್ತೇವೆ.

"ತಪಾಸಣೆ ಎಲ್ಲಾ ಆದ್ಮೇಲೆ ಜನ ನನ್ನ ಹುಡುಕ್ಕೊಂಡು ಬರ್ತಾರೆ. ಹಿಂದಿನ ದಿನ ಬಂದ್ರೆ ಸಾಕು. ಏನೂ ಹೇಳಕ್ಕೆ ಹೋಗಲ್ಲ ನಾನು, ಅವರ ಮುಂದೆ ಹತ್ತು ಹೆಜ್ಜೆ ಕುಂಟ್ಕೊಂಡೇ ನಡೀತೀನಿ. ನೋಡ್ಕೊಳ್ಲಿ. ನಂಗೇನೂ ನಾಚಿಕೆ ಇಲ್ಲ."